ಜೊತೆಗೆ ಯಾರು ಹೋಗ್ತಾರೆ?

ಗಂಡನ ಹೊಡೆತ ತಾಳದೆ ಮನೆ ಬಿಟ್ಟ ಅವರು ನಮ್ಮ ಮನೆ ಹಿಂದಿನ ಔಟ್‌ಹೌಸಿಗೆ ಬಂದದ್ದು 2022ರ ಜೂನ್‌ನಲ್ಲಿ. ಒಂದು ಸೂಟ್‌ಕೇಸ್, ಎರಡು ಮಕ್ಕಳು, ಒಂದು ಕುಕ್ಕರ್. ಕುಕ್ಕರಿಗೆ ವಿಷಲ್ ಇರಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಅದು ಆ ಮನೆಯ ಒಲೆ ಪಕ್ಕದಲ್ಲೇ ಉಳಿದಿತ್ತು. ಮೊದಲ ರಾತ್ರಿ ನನ್ನ ಅಮ್ಮ ನಮ್ಮ ಕುಕ್ಕರಿನ ವಿಷಲ್ ತೆಗೆದುಕೊಂಡು ಹೋಗಿ ಕೊಟ್ಟರು. "ಮೊದ್ಲು ಅನ್ನ ಆಗ್ಲಿ, ಆಮೇಲೆ ಮಾತು" ಅಂದರು. ಆ ಮಾತು ಶುರುವಾಗಲು ನಾಲ್ಕು ತಿಂಗಳು ಹಿಡಿಯಿತು.

ಇದನ್ನು ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ. "ಬರೀರಿ ಅಕ್ಕ, ಆದ್ರೆ ಅಯ್ಯೋ ಪಾಪ ಅನ್ನೋ ಥರ ಬರೀಬೇಡಿ" ಅಂದಿದ್ದಾರೆ. ಪ್ರಯತ್ನ ಮಾಡುತ್ತೇನೆ.

ನಾನು ಬೆಳೆದದ್ದು ತುಮಕೂರಿನ ಒಂದು ವಠಾರದಲ್ಲಿ. ಆರು ಮನೆ, ಒಂದು ಬಾವಿ, ಮಧ್ಯೆ ಹೆಸರಿಗೆ ಗೋಡೆ. ಮೂರನೇ ಮನೆಯಿಂದ ಕೆಲವು ರಾತ್ರಿ ಸದ್ದು ಕೇಳುತ್ತಿತ್ತು. ಮೊದಲು ಪಾತ್ರೆ ಬೀಳುವ ಸದ್ದು, ಆಮೇಲೆ ಇನ್ನೊಂದು ಸದ್ದು. ಆಗ ನಮ್ಮ ಅಪ್ಪ ಹಾಸಿಗೆ ಮೇಲೆ ಎದ್ದು ಕೂತು ಜೋರಾಗಿ ಕೆಮ್ಮುತ್ತಿದ್ದರು. ಅವರಿಗೇನೂ ಕೆಮ್ಮು ಇರಲಿಲ್ಲ. ಸುಮ್ನೆ ಕೆಮ್ಮುತ್ತಿದ್ದರು. ಆ ಕಡೆ ಸ್ವಲ್ಪ ಹೊತ್ತು ತಣ್ಣಗಾಗುತ್ತಿತ್ತು. ಅಪ್ಪನಿಗೆ ಗೊತ್ತಿದ್ದ ಸಹಾಯ ಅಷ್ಟೇ. ಅಮ್ಮ ಅದಕ್ಕೂ ರೇಗುತ್ತಿದ್ದರು. "ಮಲಗಿ ಸುಮ್ನೆ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಅನ್ನುತ್ತಿದ್ದರು. ಆ ಮನೆಯಲ್ಲಿ ಯಾರೂ ಉಂಡಿಲ್ಲ ಅನ್ನೋದು ಇಡೀ ವಠಾರಕ್ಕೆ ಗೊತ್ತಿತ್ತು. ಬಿದ್ದದ್ದು ಊಟದ ಪಾತ್ರೆಯೇ ತಾನೇ.

2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆಯವರು 'ಬೆಲ್ ಬಜಾವೋ' ಅಂತ ಒಂದು ಪ್ರಚಾರ ಶುರು ಮಾಡಿದರು. ಟಿವಿಯಲ್ಲಿ ಬರುತ್ತಿತ್ತು, ನೆನಪಿರಬಹುದು. ಪಕ್ಕದ ಮನೆಯಲ್ಲಿ ಹೊಡೆಯುವ ಸದ್ದು ಕೇಳಿದರೆ ಹೋಗಿ ಬೆಲ್ ಒತ್ತಿ, ಬಾಗಿಲು ತೆಗೆದರೆ ಹಾಲು ಇದೆಯಾ ಅಂತ ಕೇಳಿ, ಅಷ್ಟು ಸಾಕು ಅಂತ. ನನಗೆ ಅಪ್ಪನ ಕೆಮ್ಮು ನೆನಪಾಗಿತ್ತು. ಕೆಮ್ಮು ಕೂಡ ಒಂದು ಬೆಲ್ಲೇ ಅಲ್ವಾ? ಆದರೆ ಅದು ಆ ಹೊತ್ತಿನ ಹೊಡೆತವನ್ನು ಮಾತ್ರ ನಿಲ್ಲಿಸುತ್ತದೆ. ಮಾರನೇ ಬೆಳಿಗ್ಗೆ ಆಕೆ ಬಾವಿ ಹತ್ತಿರ ಬಂದಾಗ ಎಲ್ಲರೂ ಬೇರೆ ಕಡೆ ನೋಡುತ್ತಿದ್ದೆವು. ಅದು ಮರ್ಯಾದೆ ಅಂದುಕೊಂಡಿದ್ದೆವು. ಆಕೆಗೆ ಹೇಗನಿಸುತ್ತಿತ್ತೋ ನಾವು ಯಾರೂ ಕೇಳಲೇ ಇಲ್ಲ.

ಒಂದು ಅಂಕಿ ಹೇಳಿಬಿಡುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21ರದ್ದು. ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 44.4 ಜನ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ದೇಶದ ಸರಾಸರಿ 29.3. ಅದಕ್ಕೂ ಹಿಂದಿನ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಲೆಕ್ಕ 20.6 ಇತ್ತು. ನಾಲ್ಕೈದು ವರ್ಷದಲ್ಲಿ ಗಂಡಸರು ಇದ್ದಕ್ಕಿದ್ದಂತೆ ಎರಡರಷ್ಟು ಹೊಡೆಯಲು ಶುರು ಮಾಡಿದರು ಅಂತ ನನಗನ್ನಿಸುವುದಿಲ್ಲ. ಹೇಳುವವರು ಜಾಸ್ತಿ ಆಗಿರಬೇಕು. ಅದೂ ಸಮೀಕ್ಷೆಗೆ ಬಂದ ಅಪರಿಚಿತ ಹುಡುಗಿಯ ಹತ್ತಿರ. ಯಾಕೆಂದರೆ ಅದೇ ಸಮೀಕ್ಷೆ ಇನ್ನೊಂದು ಮಾತು ಹೇಳುತ್ತದೆ. ದೇಶದಲ್ಲಿ ಹೊಡೆತ ತಿಂದ ಹೆಂಗಸರಲ್ಲಿ ನೂರಕ್ಕೆ 77 ಜನ ಯಾರ ಸಹಾಯವನ್ನೂ ಕೇಳಿಲ್ಲ, ಯಾರಿಗೂ ಹೇಳಿಯೂ ಇಲ್ಲ. ಪಕ್ಕದ ಮನೆಯವರಿಗೂ ಇಲ್ಲ. ಪಕ್ಕದ ಮನೆಯವರು ಅಂದರೆ ನಾವು.

ಔಟ್‌ಹೌಸಿನ ವಿಷಯಕ್ಕೆ ಬರುತ್ತೇನೆ. ಅವರನ್ನು ಕರೆದುಕೊಂಡು ಬಂದದ್ದು ನಮ್ಮ ಬಡಾವಣೆಯ ಅಂಗನವಾಡಿ ಟೀಚರ್. ಅದಕ್ಕೂ ಮೊದಲು ಏಳು ಮನೆ ನೋಡಿದ್ದರಂತೆ. ಎಲ್ಲ ಕಡೆ ಒಂದೇ ಪ್ರಶ್ನೆ, "ಯಜಮಾನ್ರು ಏನ್ ಮಾಡ್ತಾರೆ?" ನಿಜ ಹೇಳಿದ ಕಡೆ ಮನೆ ಸಿಗಲಿಲ್ಲ. ದುಬೈನಲ್ಲಿದ್ದಾರೆ ಅಂತ ಸುಳ್ಳು ಹೇಳಿದ ಕಡೆ ಅಡ್ವಾನ್ಸ್ ಜಾಸ್ತಿ ಕೇಳಿದರು! ತವರಿನವರು ಅಷ್ಟರಲ್ಲಾಗಲೇ ಎರಡು ಸಲ ಅವರನ್ನು ವಾಪಸ್ ಗಂಡನ ಮನೆಗೆ ಬಿಟ್ಟು ಬಂದಿದ್ದರು. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಅನ್ನೋ ಗಾದೆಯನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲವಂತೆ. ಅಣ್ಣ ಬೈಕ್ ಸ್ಟಾರ್ಟ್ ಮಾಡಿ ಗೇಟಿನ ಹತ್ತಿರ ನಿಂತನಂತೆ, ಅಷ್ಟೇ.

ಓಡಿ ಬಂದ ದಿನದ ಬಗ್ಗೆ ಎಲ್ಲರಿಗೂ ಆಸಕ್ತಿ. ಹೇಗೆ ಬಂದಿರಿ, ಅವನು ಏನು ಮಾಡಿದ, ಪೊಲೀಸ್ ಬಂದರಾ? ಆ ಮೊದಲ ವಾರ ನಮ್ಮ ಬೀದಿಯವರು ಒಳ್ಳೆಯವರೇ ಆಗಿದ್ದರು. ಒಬ್ಬರು ಚಾಪೆ ಕೊಟ್ಟರು, ಒಬ್ಬರು ಹಳೇ ಸ್ಟವ್. ಸಾರು, ಪಲ್ಯದ ಡಬ್ಬಿಗಳು ಬಂದವು. ಎರಡನೇ ತಿಂಗಳಲ್ಲಿ ಡಬ್ಬಿ ನಿಂತವು, ಪ್ರಶ್ನೆಗಳು ಉಳಿದವು. "ಇನ್ನೂ ಇಲ್ಲೇ ಇದ್ದಾರಾ?" ಅಂತ ನನ್ನನ್ನು ಕೇಳಿದವರಿದ್ದಾರೆ. ನಿಜವಾದ ಕೆಲಸ ಶುರುವಾಗುವುದೇ ಆಗ.

ಅದು ಎಂಥ ಕೆಲಸ ಅಂದರೆ, ತೀರಾ ಬೇಜಾರಿನ ಕೆಲಸ. ಮಗನಿಗೆ ಟಿಸಿ ಬೇಕು. ಹಳೇ ಶಾಲೆಯವರು ತಂದೆ ಸಹಿ ಕೇಳಿದರು. ಸಹಿಗೆ ಹೋದರೆ ವಿಳಾಸ ಗೊತ್ತಾಗುತ್ತದೆ. ಹೊಸ ಶಾಲೆಯವರು ಟಿಸಿ ಇಲ್ಲದೆ ಕೂರಿಸುವುದಿಲ್ಲ ಅಂದರು. ಕೊನೆಗೆ ಎದುರು ಮನೆಯ ರಿಟೈರ್ಡ್ ಮೇಷ್ಟ್ರು ಜೊತೆಗೆ ಹೋದರು. ಆರ್‌ಟಿಇ, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಟಿಸಿ ತಡವಾಯಿತು ಅಂತ ಮಗುವಿಗೆ ಸೀಟು ನಿರಾಕರಿಸುವ ಹಾಗಿಲ್ಲ. ಮೇಷ್ಟ್ರು ಅದನ್ನು ಜೋರು ಮಾಡಿ ಹೇಳಲಿಲ್ಲ. ಹಾಜರಿ ಪುಸ್ತಕದ ಕಡೆ ಕೈ ತೋರಿಸಿ, "ಹೆಸರು ಬರ್ಕೊಳಿ ಸಾರ್, ಟಿಸಿ ಬರುತ್ತೆ" ಅಂದರಂತೆ. ಆಯಿತು. ಅದೇ ಮಾತನ್ನು ಆ ತಾಯಿ ಮೂರು ಸಲ ಹೋಗಿ ಹೇಳಿದ್ದರು.

ಕಾನೂನಿನ ಕಥೆಯೂ ಇದೇ. ಕೌಟುಂಬಿಕ ಹಿಂಸೆ ತಡೆಯುವ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಓದಿದರೆ ಎಷ್ಟು ಯೋಚಿಸಿ ಬರೆದಿದ್ದಾರೆ ಅನಿಸುತ್ತದೆ. ಗಂಡನ ಊರಿನಲ್ಲೇ ಅರ್ಜಿ ಹಾಕಬೇಕು ಅಂತಿಲ್ಲ, ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ಹೊಡೆಯಬಾರದು ಅನ್ನುವ ಆದೇಶ, ಮನೆಯಲ್ಲಿರುವ ಹಕ್ಕು, ಖರ್ಚಿಗೆ ಹಣ, ಮಕ್ಕಳ ಕಸ್ಟಡಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಮೊದಲ ವಿಚಾರಣೆ ಸಾಮಾನ್ಯವಾಗಿ 3 ದಿನದೊಳಗೆ. ಅಲ್ಲಿಂದ 60 ದಿನದೊಳಗೆ ಮುಗಿಸಲು ಪ್ರಯತ್ನಿಸಬೇಕು ಅಂತಿದೆ. ಆ 'ಪ್ರಯತ್ನ' ಅನ್ನೋ ಪದದೊಳಗೆ ಎಷ್ಟು ವಾಯಿದೆ ಹಿಡಿಸುತ್ತವೆ ಅಂತ ಆಮೇಲೆ ನಮಗೆ ಗೊತ್ತಾಯಿತು.

ನಮ್ಮ ರಾಜ್ಯದಲ್ಲಿ ಈ ಕಾಯ್ದೆಯಡಿ ಹೆಂಗಸರಿಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿ ಅಂದರೆ ಸಿಡಿಪಿಓ, ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿಗಳನ್ನು ನೋಡಿಕೊಳ್ಳುವವರೇ ಇದನ್ನೂ ನೋಡಬೇಕು. ನಾವು ಹೋದ ದಿನ ಆ ಮೇಡಂ ಮೇಜಿನ ಮೇಲೆ ಮೊಟ್ಟೆ ಲೆಕ್ಕದ ಫೈಲುಗಳ ಗುಡ್ಡೆ ಇತ್ತು. ಅವರು ಕೆಟ್ಟವರಲ್ಲ. ಡಿಐಆರ್ ಅಂತ ಒಂದು ಫಾರಂ ಇದೆ, ಹಿಂಸೆಯ ವಿವರವನ್ನೆಲ್ಲ ದಾಖಲು ಮಾಡುವುದು. ಅದನ್ನು ಪೂರ್ತಿ ಕೂತು ತುಂಬಿದರು. ನಡುವೆ ಹನ್ನೊಂದು ಫೋನ್ ಬಂದವು. ನಾನು ಎಣಿಸಿದೆ. ಪ್ರತಿ ಫೋನ್ ಮುಗಿದ ಮೇಲೂ ನಮ್ಮವರು ಬಿಟ್ಟ ಕಡೆಯಿಂದ ಹೇಳಬೇಕು. "ಎಲ್ಲಿದ್ವಿ? ಹಾಂ, ಬೆಲ್ಟ್." ಹೀಗೆ. ನಾನು ಅಲ್ಲಿ ಏನೂ ಮಾಡಲಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಆಚೆ ಬಂದ ಮೇಲೆ ಅವರು, "ನೀವಿಲ್ದಿದ್ರೆ ಎರಡನೇ ಫೋನಿಗೇ ಎದ್ದು ಬರ್ತಿದ್ದೆ ಅಕ್ಕ" ಅಂದರು.

ಆವತ್ತಿನಿಂದ ನನಗೆ ಸಮುದಾಯದ ಬೆಂಬಲ ಅನ್ನೋ ದೊಡ್ಡ ಮಾತಿಗೆ ಒಂದು ಕುರ್ಚಿಯೇ ನೆನಪಾಗುತ್ತದೆ. ವಕೀಲರು ಬೇಕು, ನಿಜ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗುತ್ತಾರೆ, ತಾಲ್ಲೂಕು ಕೋರ್ಟಿನಲ್ಲೇ ಅದರ ಸಮಿತಿ ಇರುತ್ತದೆ, 15100ಕ್ಕೆ ಫೋನ್ ಮಾಡಬಹುದು. ಮಹಿಳಾ ಸಹಾಯವಾಣಿ 181 ಇದೆ. ಸಖಿ ಒನ್ ಸ್ಟಾಪ್ ಸೆಂಟರ್ ಇದೆ, ವೈದ್ಯರು, ಪೊಲೀಸ್, ಆಪ್ತಸಲಹೆ, ವಕೀಲರ ನೆರವು ಒಂದೇ ಕಡೆ ಸಿಗಲಿ ಅಂತ 2015ರಲ್ಲಿ ಶುರುವಾದದ್ದು. ಅಲ್ಲಿ ಐದು ದಿನದ ತನಕ ಉಳಿಯಲೂಬಹುದು. ಆರನೇ ದಿನ? ಆರನೇ ದಿನಕ್ಕೆ ಬೀದಿ ಬೇಕು. ಬೀದಿ ಅಂದರೆ ಬೀದಿಪಾಲಾಗುವ ಬೀದಿ ಅಲ್ಲ, ನಾವಿರುವ ಬೀದಿ.

ಮಕ್ಕಳ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಮಗನಿಗೆ ಆಗ ಒಂಬತ್ತು. ಗೇಟಿನ ಚಿಲಕ ಸದ್ದಾದರೆ ಮಂಚದ ಕೆಳಗೆ ಹೋಗುತ್ತಿದ್ದ. ನಮ್ಮ ಗೇಟಿನ ಚಿಲಕ ಹಳೇದು, ಹಾಲಿನವನು, ಪೇಪರ್‌ನವನು, ಯಾರು ಬಂದರೂ ಕಿರುಚುತ್ತಿತ್ತು. ಅಮ್ಮ ಒಂದು ದಿನ ಕೊಬ್ಬರಿ ಎಣ್ಣೆ ಹಾಕಿದರು. ಎರಡು ದಿನ ಬಿಟ್ಟು ಮತ್ತೆ ಹಾಕಿದರು. ಅದು ದಿನಚರಿಯೇ ಆಯಿತು. ಇದರ ನಡುವೆ ಅವನು ತಂಗಿಗೆ ಹೊಡೆಯುತ್ತಿದ್ದ. ಹೊಡೆಯುವಾಗ ಬಾಯಲ್ಲಿ ಬರುತ್ತಿದ್ದ ಬೈಗುಳ ಒಂಬತ್ತು ವರ್ಷದವನದಲ್ಲ. ಮೊದಲ ಸಲ ಕೇಳಿದಾಗ ನನಗೆ ಮೈ ಉರಿದು, "ಥೇಟ್ ಅಪ್ಪನ ಥರ" ಅಂದುಬಿಟ್ಟೆ. ಅವನ ಮುಖ ಹೋದ ರೀತಿ ಈಗಲೂ ಕಣ್ಣ ಮುಂದಿದೆ. ಆ ಮನೆಯಲ್ಲಿ ನಾನು ಮಾಡಿದ ದೊಡ್ಡ ತಪ್ಪು ಅದು. ಅವನನ್ನು ಸರಿ ಮಾಡಿದವರು ಯಾರು ಅಂತ ಕೇಳಿದರೆ, ಯಾರೋ ಒಬ್ಬರು ಅಂತ ಹೇಳಕ್ಕಾಗಲ್ಲ. ಮೈದಾನದ ಹುಡುಗರು ಅವನನ್ನು ವಿಕೆಟ್ ಕೀಪರ್ ಮಾಡಿದರು. ಮೇಷ್ಟ್ರು ಸಂಜೆ ಲೆಕ್ಕ ಹೇಳಿಕೊಟ್ಟರು. ಅವರು ಲೆಕ್ಕ ತಪ್ಪಾದರೆ ನಗುತ್ತಾರೆ, ಬೈಯುವುದಿಲ್ಲ. ದೊಡ್ಡ ಗಂಡಸು ತಪ್ಪಿಗೆ ನಗುವುದನ್ನು ಆ ಹುಡುಗ ಮೊದಲ ಸಲ ನೋಡಿದ್ದೇ ಅಲ್ಲಿ ಅಂತ ತಾಯಿ ಹೇಳುತ್ತಾರೆ.

ಇನ್ನು 2023ರ ಯುಗಾದಿ.

ಯುಗಾದಿ ಕಳೆದ ಮಾರನೇ ವಾರ ಅವರು ಗಂಡನ ಮನೆಗೆ ವಾಪಸ್ ಹೋದರು. ಹಿರಿಯರು ಪಂಚಾಯ್ತಿ ಸೇರಿದ್ದರು. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ ಅಂತ ಅವನಿಂದ ಮುಚ್ಚಳಿಕೆ ಬರೆಸಿಕೊಂಡಿದ್ದರು. "ಕುಡಿತ ಒಂದು ಬಿಟ್ರೆ ಚಿನ್ನದಂಥ ಮನುಷ್ಯ" ಅಂದರು. ಈ ಮಾತಿಗೆ ನನ್ನದೊಂದು ತಕರಾರಿದೆ. ಅವನು ಕುಡಿದು ತನ್ನ ಸೂಪರ್‌ವೈಸರ್‌ಗೆ ಒಂದು ದಿನವೂ ಹೊಡೆದಿಲ್ಲ. ಬಾರಿನವನಿಗೂ ಹೊಡೆದಿಲ್ಲ. ಅಮಲಿನಲ್ಲೂ ಯಾರಿಗೆ ಹೊಡೆದರೆ ನಡೆಯುತ್ತದೆ ಅನ್ನುವ ಲೆಕ್ಕ ಸರಿಯಾಗಿಯೇ ಇತ್ತು. ನಮ್ಮ ರಾಜ್ಯದಲ್ಲಿ 2007ರ ಜುಲೈಯಲ್ಲಿ ಸಾರಾಯಿ ನಿಂತಿತು. ಹೊಡೆತ ನಿಂತಿದ್ದರೆ ಮೇಲೆ ಹೇಳಿದ 44.4 ಎಲ್ಲಿಂದ ಬರುತ್ತಿತ್ತು?

ಅವರು ಹೋಗುವಾಗ ನಾನು ಬಾಗಿಲಿಗೆ ಬರಲಿಲ್ಲ. ಸಿಟ್ಟಿತ್ತು. ಎಷ್ಟು ಓಡಾಡಿದ್ದೆವು! ಬ್ಯಾಂಕಿಗೆ ಎಷ್ಟು ರಜೆ ಹಾಕಿದ್ದೆ. ಕೇಸ್ ಬೇರೆ ವಾಪಸ್ ತೆಗೆದುಕೊಂಡಿದ್ದರು. ಬೀದಿಯಲ್ಲೂ ಅದೇ ಮಾತು. "ನಾವೆಲ್ಲ ಇಷ್ಟು ಮಾಡಿದ್ವಿ, ಅವಳಿಗೇ ಬೇಡ." ಸಹಾಯ ಮಾಡಿದವರ ಸಿಟ್ಟು ಒಂದು ವಿಚಿತ್ರ ಸಿಟ್ಟು. ಕೈಸಾಲ ಕೊಟ್ಟವನು ವಾಪಸ್ ಕೇಳುವ ಹಾಗೆ ಇರುತ್ತದೆ. ನಾವು ಕೊಟ್ಟ ಚಾಪೆಗೆ, ನಾವು ಕೂತ ಕುರ್ಚಿಗೆ ಅವರು ಗಟ್ಟಿಗಿತ್ತಿಯಾಗಿ ಉಳಿದು ಬಡ್ಡಿ ಕಟ್ಟಬೇಕು ಅನ್ನುವ ಹಾಗೆ. ವಾಪಸ್ ಹೋಗುವುದು ಅಪರೂಪವೇನಲ್ಲ. ಹೊರಗೆ ಬಂದು, ಹೋಗಿ, ಮತ್ತೆ ಬಂದು, ಹೀಗೇ ಎಷ್ಟೋ ಜನ. ಮಕ್ಕಳ ಫೀಸು, ತವರಿನ ಮುಖ, ಎಲ್ಲೋ ಒಂದು ಕಡೆ ಅವನ ಮೇಲೆ ಉಳಿದ ಆಸೆ. ಬಿಟ್ಟು ಬಂದ ಹೆಂಗಸಿಗೆ ಬಿಟ್ಟು ಬಂದ ಮೇಲೆಯೇ ಅಪಾಯ ಜಾಸ್ತಿ ಅನ್ನೋದೂ ಇದೆ. ಬೆದರಿಕೆ ನಿಲ್ಲಲಿ ಅಂತಲೇ ಹೋಗುವವರಿದ್ದಾರೆ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿದ್ದೂ ಸಿಟ್ಟು ಬಂತು.

ಔಟ್‌ಹೌಸ್ ಬಾಡಿಗೆಗೆ ಕೊಡೋಣ ಅಂದೆ. ಉಂಡು ಮಲಗೋ ಗಾದೆ ಹೇಳುತ್ತಿದ್ದ ಇದೇ ನಮ್ಮಮ್ಮ, "ದೀಪಾವಳಿ ತನಕ ಇರ್ಲಿ ಬಿಡು" ಅಂದರು. ಯಾಕೆ ಅಂದೆ. "ಸುಣ್ಣ ಬಳಿಸ್ಬೇಕು" ಅಂದರು. ಸುಣ್ಣ ಯಾರೂ ಬಳಿಯಲಿಲ್ಲ. ವಾರಕ್ಕೊಮ್ಮೆ ಅಮ್ಮ ಒಳಗೆ ಹೋಗಿ ಗುಡಿಸಿ ಬರುತ್ತಿದ್ದರು. ಮೂರನೇ ಮನೆಯ ಆಕೆಯ ಹೆಸರನ್ನು ಎಷ್ಟೋ ವರ್ಷದ ಮೇಲೆ ಅವರ ಬಾಯಲ್ಲಿ ಕೇಳಿದ್ದು ಆ ದಿನಗಳಲ್ಲೇ. ಒಂದೇ ಸಲ. ನಾನು ಹೆಚ್ಚು ಕೇಳಲಿಲ್ಲ.

ನನ್ನ ಜೊತೆ ಕೆಲಸ ಮಾಡುವವರೊಬ್ಬರ ಚಿಕ್ಕಮ್ಮ ಬೀದರ್ ಕಡೆ ಮಹಿಳಾ ಸಮಖ್ಯದಲ್ಲಿ ಸಹಯೋಗಿನಿ ಆಗಿದ್ದರು. 1989ರಲ್ಲಿ ಕರ್ನಾಟಕ, ಗುಜರಾತ್, ಉತ್ತರ ಪ್ರದೇಶ ಮೂರು ರಾಜ್ಯದಲ್ಲಿ ಶುರುವಾದ, ಹೆಂಗಸರ ಶಿಕ್ಷಣ, ಸಂಘಟನೆಯ ಸರ್ಕಾರಿ ಕಾರ್ಯಕ್ರಮ ಅದು. ಹತ್ತು ಹಳ್ಳಿಗೆ ಒಬ್ಬ ಸಹಯೋಗಿನಿ, ಹಳ್ಳಿಗೊಂದು ಹೆಂಗಸರ ಸಂಘ. ಗುಜರಾತಿನ ವಡೋದರಾ ಕಡೆ ಇದೇ ಸಂಘದವರು 1995ರಲ್ಲಿ ನಾರಿ ಅದಾಲತ್ ಶುರು ಮಾಡಿದರು. ನಮ್ಮಲ್ಲೂ ಆಮೇಲೆ ನಡೆದವು. ಓದು ಬರಹ ಹೆಚ್ಚಿಲ್ಲದ ಹೆಂಗಸರೇ ಸರ್ಕಾರಿ ಕಚೇರಿಯ ಆಸುಪಾಸಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂತು ಇಂಥ ನ್ಯಾಯ ಬಗೆಹರಿಸುತ್ತಿದ್ದರು. ಗಂಡನ ಮನೆಯಲ್ಲಿ ಉಳಿದ ಪಾತ್ರೆ ಪಗಡೆಯನ್ನು ಗುಂಪಾಗಿ ಹೋಗಿ ತರುತ್ತಿದ್ದರು. ಹಿರಿಯರ ಪಂಚಾಯ್ತಿಗೂ ಅದಕ್ಕೂ ಏನು ವ್ಯತ್ಯಾಸ ಅಂತ ನಾನು ಆ ಚಿಕ್ಕಮ್ಮನನ್ನು ಫೋನಿನಲ್ಲಿ ಕೇಳಿದೆ. "ತೀರ್ಪ ಹೇಳೋದು ದೊಡ್ಡದಲ್ಲ ತಂಗಿ. ಆಮ್ಯಾಗ ವಾರಕ್ಕೊಮ್ಮಿ ಹೋಗಿ ಆಕಿ ಬಾಗಿಲದಾಗ ಕುಂಡ್ರಬೇಕಲ್ಲ, ಅದು ದೊಡ್ಡದು" ಅಂದರು. ಮುಚ್ಚಳಿಕೆ ಬರೆಸಿಕೊಂಡ ಹಿರಿಯರಲ್ಲಿ ಒಬ್ಬರೂ ಮತ್ತೆ ಆ ಮನೆ ಕಡೆ ಹೋಗಿರಲಿಲ್ಲ.

2023ರ ಗಣೇಶನ ಹಬ್ಬ ಕಳೆದು ಎರಡನೇ ದಿನ ಗೇಟು ಸದ್ದಾಯಿತು. ಅಮ್ಮ ಆರು ತಿಂಗಳಿಂದ ಎಣ್ಣೆ ಹಾಕಿರಲಿಲ್ಲ. ತುಟಿ ಒಡೆದಿತ್ತು. ಮಕ್ಕಳ ಕೈಯಲ್ಲಿ ಶಾಲೆ ಬ್ಯಾಗು ಮಾತ್ರ. ಪರ್ಸೂ ಇಲ್ಲ, ಫೋನೂ ಇಲ್ಲ. ಹೇಗೆ ಬಂದಿರಿ ಅಂದರೆ ಮಗನ ಜಾಮಿಟ್ರಿ ಬಾಕ್ಸ್ ತೆಗೆದು ತೋರಿಸಿದರು. ಒಳಗೆ ಆಧಾರ್ ಕಾರ್ಡ್. ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಗಿತ್ತಲ್ಲ, ಕಾರ್ಡ್ ತೋರಿಸಿದರೆ ಟಿಕೆಟ್ಟಿಗೆ ದುಡ್ಡಿಲ್ಲ. ಮಗನಿಗೆ ಅರ್ಧ ಟಿಕೆಟ್ ಆಗುತ್ತಿತ್ತು, ಕಂಡಕ್ಟರ್ ಮುಖ ನೋಡಿ ಸುಮ್ಮನಾದನಂತೆ. ಪುಕ್ಕಟೆ ಬಸ್ಸಿನ ಬಗ್ಗೆ ಜನ ಏನೇನೋ ಜೋಕ್ ಮಾಡುತ್ತಾರೆ. ನನಗೆ ಆ ಜಾಮಿಟ್ರಿ ಬಾಕ್ಸ್ ನೆನಪಾಗುತ್ತದೆ, ನಗು ಬರುವುದಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಮಾತ್ರ ಅವರಿಗೆ ಸಿಗಲಿಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವುದು ಅತ್ತೆ ಹೆಸರು.

ಅಮ್ಮ ಏನೂ ಕೇಳಲಿಲ್ಲ. ಒಳಗೆ ಹೋಗಿ ಕುಕ್ಕರಿನ ವಿಷಲ್ ತಂದು ಕೊಟ್ಟರು. ಈ ಸಲ ನಾನೂ ಏನೂ ಕೇಳಲಿಲ್ಲ.

ಎರಡನೇ ಸಲ ನಾವು ಸ್ವಲ್ಪ ಕಲಿತಿದ್ದೆವು. ಸಾರಿನ ಡಬ್ಬಿ ಕಡಿಮೆ, ಓಡಾಟ ಜಾಸ್ತಿ. ಬೀದಿಯ ಸ್ತ್ರೀಶಕ್ತಿ ಸಂಘದವರು ಅವರನ್ನು ಸೇರಿಸಿಕೊಂಡರು. ಮೊದಲು ಇಬ್ಬರು ಅಡ್ಡ ಮಾತಾಡಿದರು, ಗಂಡ ಬಂದು ಗಲಾಟೆ ಮಾಡಿದರೆ ಅಂತ. ಆ ಭಯ ಸುಳ್ಳೇನೂ ಅಲ್ಲ. ಒಂದು ಸಂಜೆ ಅವನು ಬಂದ. ಕೂಗಾಡಿದ. ಎದುರು ಮನೆ, ಪಕ್ಕದ ಮನೆ, ಅಂಗಡಿಯವರು, ಸುಮಾರು ಹದಿನೈದು ಜನ ಹೊರಗೆ ಬಂದು ನಿಂತರು. ಯಾರೂ ಅವನ ಮೈ ಮುಟ್ಟಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಸುಮ್ನೆ ನಿಂತರು. ಮೇಷ್ಟ್ರು 112ಕ್ಕೆ ಫೋನ್ ಮಾಡಿದರು. ಪೊಲೀಸರು ಬರುವಷ್ಟರಲ್ಲಿ ಅವನು ಹೋಗಿದ್ದ. ಮತ್ತೆ ಈ ಕಡೆ ಬಂದಿಲ್ಲ.

ಹಾಗಂತ ನಮ್ಮ ಬೀದಿ ಚಿನ್ನದ ಬೀದಿ ಅಂದುಕೊಳ್ಳಬೇಡಿ. ಅವರು ಯಾರ ಜೊತೆ ಫೋನಿನಲ್ಲಿ ನಕ್ಕರು, ಯಾವ ಬಣ್ಣದ ಸೀರೆ ಉಟ್ಟರು ಅನ್ನುವ ಲೆಕ್ಕ ಇಡುವವರೂ ಇಲ್ಲೇ ಇದ್ದಾರೆ. ಕಾಪಾಡಿದವರಿಗೆ ಕಾವಲು ಕಾಯುವ ಹಕ್ಕೂ ಬಂತು ಅನ್ನಿಸಿಬಿಡುತ್ತದೆ. ಕಳೆದ ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆಯಬೇಕೋ ಬೇಡವೋ ಅಂತ ಎರಡು ಮನೆಯಲ್ಲಿ ಚರ್ಚೆ ನಡೆದದ್ದು ನನ್ನ ಕಿವಿಗೆ ಬಿತ್ತು. ಗಂಡ ಇದ್ದಾನೆ, ಆದರೆ ಇಲ್ಲ, ಹಾಗಾದರೆ ಮುತ್ತೈದೆಯಾ? ಎಂಥ ಪ್ರಶ್ನೆ! ಅಮ್ಮ ನಮ್ಮ ಮನೆಯ ಮೊರದ ಬಾಗಿನದಲ್ಲಿ ಒಂದನ್ನು ಅವರಿಗೇ ಕೊಟ್ಟರು. ಅವರು ಸೆರಗು ಹಿಡಿದು ತೆಗೆದುಕೊಳ್ಳುವಾಗ ಕೈ ನಡುಗುತ್ತಿತ್ತು. ಆಮೇಲೆ ಮೊರ ಬಿಚ್ಚಿ, "ಬೆಲ್ಲ ಹಳೇದು ಕಣಮ್ಮ" ಅಂತ ಅಮ್ಮನನ್ನೇ ರೇಗಿಸಿದರು.

ಈಗ ಅವರು ವಸಂತನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾರೆ. ಎರಡು ಕ್ರಾಸ್ ಆಚೆ ಬೇರೆ ಮನೆ ಮಾಡಿದ್ದಾರೆ. ಔಟ್‌ಹೌಸಿನ ಒಂದು ಕೀ ಅವರ ಹತ್ತಿರವೇ ಇದೆ. ಅವರು ವಾಪಸ್ ಕೊಟ್ಟಿಲ್ಲ, ಅಮ್ಮ ಕೇಳಿಲ್ಲ. ಮಧ್ಯಂತರ ಜೀವನಾಂಶದ ಆದೇಶ ಆಗಿದೆ, ಹಣ ಮೂರು ತಿಂಗಳು ಬಂತು, ನಿಂತಿತು. ಅದನ್ನು ವಸೂಲಿ ಮಾಡಿಸಲು ಮತ್ತೆ ಅರ್ಜಿ ಹಾಕಿದ್ದಾರೆ.

ಮುಂದಿನ ವಾಯಿದೆ 14ಕ್ಕೆ. ನನಗೆ ಅವತ್ತು ಬ್ಯಾಂಕಿನಲ್ಲಿ ಆಡಿಟ್. ಮೇಷ್ಟ್ರಿಗೆ ಕಣ್ಣಿನ ಆಪರೇಷನ್ ಆಗಿದೆ. ಅಂಗಡಿಯವರ ಸೊಸೆ, ಮೊದಲು ಸಂಘದಲ್ಲಿ ಅಡ್ಡ ಮಾತಾಡಿದ್ದವರೇ, ತಾನು ಹೋಗುತ್ತೇನೆ ಅಂದಿದ್ದಾರೆ. ಕೋರ್ಟಿನಲ್ಲಿ ಏನು ಮಾಡಬೇಕು ಅಂತ ನಿನ್ನೆ ಬಂದು ಕೇಳಿದರು. ಏನಿಲ್ಲ, ನೀರಿನ ಬಾಟಲಿ ತಗೊಂಡು ಹೋಗಿ, ಸಂಜೆ ತನಕ ಕೂತಿರಬೇಕಾಗುತ್ತೆ ಅಂದೆ.